ಎದ್ದು ಹೋಗದ ಅತಿಥಿ

ರಾಯಬಾಗ ತಾಲೂಕಿನ ನಮ್ಮ ಬಂಧುಗಳ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಹಿರಿಯ ಮಗಳ ನಿಕಾಹ್ ನಡೆಯಿತು. ಖುತ್ಬಾಕ್ಕೆ ಮುನ್ನ ತಂದೆ ಇಬ್ಬರು ಸಾಕ್ಷಿಗಳೊಂದಿಗೆ ಒಳಕೋಣೆಗೆ ಹೋಗಿ, ವರನ ಹೆಸರು, ಅವನ ತಂದೆಯ ಹೆಸರು, ಮಹ್ರ್‌ನ ಮೊತ್ತ ಎಲ್ಲವನ್ನೂ ಹೇಳಿ ಮಗಳ ಒಪ್ಪಿಗೆ ಕೇಳಿದರು. ಕೇಳುವಾಗ ಅವರ ಧ್ವನಿ ನಡುಗಿತು. ಅರ್ಧಕ್ಕೆ ನಿಲ್ಲಿಸಿ, ಗಂಟಲು ಸರಿಪಡಿಸಿಕೊಂಡು, ಮತ್ತೆ ಮೊದಲಿನಿಂದ ಕೇಳಿದರು. ಮಗಳು ತಲೆ ಎತ್ತದೆ ‘ಜೀ ಅಬ್ಬಾ’ ಎಂದಳು. ಬಾಗಿಲ ಬಳಿ ನಿಂತಿದ್ದ ಕ್ಯಾಮೆರಾ ಇದೆಲ್ಲವನ್ನೂ ಚಿತ್ರಿಸಿಕೊಂಡಿತು.

ಎರಡು ವರ್ಷಗಳ ನಂತರ ಆ ತಂದೆ ತೀರಿಕೊಂಡರು. ಅಲ್ಲಾಹನು ಅವರನ್ನು ಕ್ಷಮಿಸಿ ಸ್ವರ್ಗದಲ್ಲಿ ಸ್ಥಾನ ನೀಡಲಿ. ಅಬ್ಬಾನ ಧ್ವನಿಯನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆಯಿಂದ ಮಗಳು ಮದುವೆಯ ವಿಡಿಯೋವನ್ನು ಹಾಕಿದಳು. ಸಭಾಂಗಣದ ಮೇಲೆ ಡ್ರೋನ್ ಹಾರಾಡುವ ದೃಶ್ಯ ಮೂರು ನಿಮಿಷ ಇತ್ತು. ಅಬ್ಬಾ ಕಾಣಿಸಿಕೊಂಡದ್ದು ನಾಲ್ಕೈದು ಸೆಕೆಂಡು ಮಾತ್ರ. ಅವರ ತುಟಿಗಳು ಅಲುಗುತ್ತಿದ್ದವು, ಕೇಳಿಸುತ್ತಿದ್ದುದು ಮಾತ್ರ ಒಂದು ಹಿಂದಿ ಚಿತ್ರಗೀತೆ. ಚಿತ್ರೀಕರಿಸಿದವರನ್ನು ವಿಚಾರಿಸಿದಾಗ, ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಸಾಲದೆ ಮೂಲ ದೃಶ್ಯಗಳನ್ನು ಎಂದೋ ಅಳಿಸಿಬಿಟ್ಟಿದ್ದೇವೆ ಎಂಬ ಉತ್ತರ ಬಂತು. ಅವರದು ದುರುದ್ದೇಶವಲ್ಲ. ಆ ನಾಲ್ಕು ಮಾತು ಬೇಕು ಎಂದು ಅವರಿಗೆ ಯಾರೂ ಹೇಳಿರಲೇ ಇಲ್ಲ.

ಈ ಲೇಖನದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಮದುವೆ ನಿಶ್ಚಯವಾದೊಡನೆ ಅಡುಗೆಯವರಿಗಿಂತ ಮೊದಲು ವಿಡಿಯೋದವರನ್ನು ಗೊತ್ತುಮಾಡುವ ಮನೆಗಳಿವೆ. ಪ್ರತಿಯೊಂದು ಜೋಡಿಯ ವ್ಯಕ್ತಿತ್ವಕ್ಕೆ ತಕ್ಕಂತೆ ಚಿತ್ರೀಕರಣ ಮಾಡಿಕೊಡುತ್ತೇವೆ ಎಂಬುದು ಈ ವೃತ್ತಿಯ ಇತ್ತೀಚಿನ ಭರವಸೆ. ಮಾತು ಚೆನ್ನಾಗಿದೆ. ಆದರೆ ಐದು ಊರುಗಳ ಐದು ಮದುವೆಗಳ ವಿಡಿಯೋಗಳನ್ನು ಒಂದರ ಹಿಂದೊಂದು ನೋಡಿ. ಅದೇ ಡ್ರೋನ್, ಅದೇ ಬಣ್ಣದ ಹೊಗೆ, ನಿಧಾನಗತಿಯಲ್ಲಿ ತಿರುಗುವ ಅದೇ ಲೆಹಂಗಾ, ಕಪ್ಪು ಕನ್ನಡಕ ತೆಗೆಯುವ ಅದೇ ವರ, ಅದೇ ಹಾಡು. ಮುಖ ಬದಲಿಸಿದರೆ ಯಾರ ಮದುವೆಯೆಂದು ಮನೆಯವರಿಗೂ ತಿಳಿಯದು. ಹಾಗಾದರೆ ಈ ಚಿತ್ರಗಳಲ್ಲಿ ಇರುವುದು ಯಾರ ವ್ಯಕ್ತಿತ್ವ?

ಚಿತ್ರೀಕರಣದ ಕಲೆ ನಮ್ಮ ಸೀಮೆಗೆ ಹೊಸತೇನಲ್ಲ. ನಿಪ್ಪಾಣಿಯಿಂದ ಒಂದು ಗಂಟೆಯ ದಾರಿಯಲ್ಲಿರುವ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಅವರು ತಮ್ಮ ಕೈಯಿಂದಲೇ ಸಿದ್ಧಪಡಿಸಿದ ಕ್ಯಾಮೆರಾದಲ್ಲಿ ‘ಸೈರಂಧ್ರಿ’ ಎಂಬ ಮೂಕಿಚಿತ್ರವನ್ನು ನಿರ್ಮಿಸಿದರು. ಅದು ತೆರೆಕಂಡದ್ದು 1920ರಲ್ಲಿ. ಪ್ರಭಾತ್ ಫಿಲ್ಮ್ ಕಂಪೆನಿ 1929ರಲ್ಲಿ ಹುಟ್ಟಿದ್ದೂ ಅದೇ ಊರಿನಲ್ಲಿ. ಆದರೆ ನಮ್ಮ ಮದುವೆಮನೆಗೆ ಕ್ಯಾಮೆರಾ ಬಂದದ್ದು ಮೆಲ್ಲಮೆಲ್ಲನೆ. ಅಜ್ಜಂದಿರ ಕಾಲದಲ್ಲಿ ಗಂಡು ಹೆಣ್ಣು ಬಿಗಿಯಾಗಿ ನಿಂತ ಒಂದೇ ಕಪ್ಪುಬಿಳುಪು ಫೋಟೋ, ಆಮೇಲೆ ಆಲ್ಬಮ್, ಅನಂತರ ವಿಡಿಯೋ ಕ್ಯಾಸೆಟ್, ಸಿ.ಡಿ., ಈಗ ಪೆನ್‌ಡ್ರೈವ್ ಮತ್ತು ರೀಲ್ಸ್. ಹಳೆಯ ಕ್ಯಾಸೆಟ್‌ಗಳಲ್ಲಿ ಒಂದು ಗುಣವಿತ್ತು. ಅವು ಉದ್ದವಾಗಿದ್ದವು, ಬೇಸರ ತರಿಸುತ್ತಿದ್ದವು, ಆದರೆ ಊಟಕ್ಕೆ ಕುಳಿತ ಪ್ರತಿಯೊಬ್ಬ ನೆಂಟನೂ ಅವುಗಳಲ್ಲಿ ಇರುತ್ತಿದ್ದ. ಇಂದು ಅವನ್ನು ನೋಡುವವರು ವಧೂವರರನ್ನು ಹುಡುಕುವುದಿಲ್ಲ, ಪಂಕ್ತಿಯಲ್ಲಿ ಕುಳಿತಿರುವ, ಈಗ ಇಲ್ಲದ ದಾದಿಯನ್ನೂ ಮಾಮುವನ್ನೂ ಹುಡುಕುತ್ತಾರೆ.

ಮುಂದುವರಿಯುವ ಮೊದಲು ಒಂದು ಸ್ಪಷ್ಟನೆ. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಹದೀಸ್‌ಗಳಲ್ಲಿ ಬಂದಿರುವ ಕಠಿಣ ಎಚ್ಚರಿಕೆಯನ್ನು ಫೋಟೋಗೂ ಅನ್ವಯಿಸಿ ಅದರಿಂದ ದೂರವಿರುವವರು ನಮ್ಮ ನಡುವೆ ಅನೇಕರಿದ್ದಾರೆ. ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರಂಥ ವಿದ್ವಾಂಸರು, ಫೋಟೋ ಎಂಬುದು ಕನ್ನಡಿಯಲ್ಲಿನ ಪ್ರತಿಬಿಂಬವನ್ನು ಹಿಡಿದಿಡುವಂಥದು, ಅಲ್ಲಾಹನ ಸೃಷ್ಟಿಗೆ ಸಾಟಿಯಾಗಿ ರೂಪ ಕಡೆಯುವಂಥದಲ್ಲ ಎಂದು ವಾದಿಸಿದರು. ಅನುಮತಿ ನೀಡಿದವರೂ ಬಿಡುಬೀಸಾದ ಅನುಮತಿ ನೀಡಲಿಲ್ಲ. ಚಿತ್ರದ ವಿಷಯವೇನು, ಉದ್ದೇಶವೇನು ಎಂಬುದರ ಮೇಲೆ ತೀರ್ಪು ನಿಂತಿದೆ ಎಂದರು. ಆದ್ದರಿಂದ, ಚಿತ್ರವೇ ಬೇಡವೆನ್ನುವ ಮನೆಯವರನ್ನು ಹಳೆಯ ಕಾಲದವರೆಂದು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಈ ಲೇಖನ, ಚಿತ್ರೀಕರಣಕ್ಕೆ ಈಗಾಗಲೇ ಮನಸ್ಸು ಮಾಡಿರುವ ಮನೆಗಳಿಗಾಗಿ. ಮಾಡುವುದೇ ಆದರೆ ಹೇಗೆ ಮಾಡಬೇಕು ಎಂಬುದಷ್ಟೇ ನನ್ನ ವಿಷಯ.

ವ್ಯಕ್ತಿತ್ವಕ್ಕೆ ತಕ್ಕ ಮದುವೆ ಎಂಬುದು ಇಸ್ಲಾಮಿಗೆ ಅಪರಿಚಿತ ಕಲ್ಪನೆಯಲ್ಲ. ಪ್ರವಾದಿ(ಸ)ಯವರ ಕಾಲದ ಮದುವೆಗಳನ್ನು ನೋಡಿದರೆ ಒಂದು ಇನ್ನೊಂದರಂತಿಲ್ಲ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಸಿರಿವಂತ ವ್ಯಾಪಾರಿ. ಅವರ ಮದುವೆಯಾದದ್ದು ಪ್ರವಾದಿ(ಸ)ಯವರಿಗೆ ತಿಳಿದದ್ದು ಅವರ ಮೈಮೇಲಿದ್ದ ಹಳದಿ ಸುಗಂಧದ ಗುರುತನ್ನು ಕಂಡು ವಿಚಾರಿಸಿದಾಗ. ತಮ್ಮನ್ನು ಕರೆಯಲಿಲ್ಲವೆಂದು ಪ್ರವಾದಿ(ಸ) ಮುನಿಸಿಕೊಳ್ಳಲಿಲ್ಲ. ಬರಕತ್‌ಗಾಗಿ ಪ್ರಾರ್ಥಿಸಿ, ಒಂದು ಆಡನ್ನಾದರೂ ಕಡಿದು ವಲೀಮಾ ನೀಡುವಂತೆ ಹೇಳಿದರು. ಅಲೀ(ರ) ಬಡವರು. ಮಹ್ರ್ ನೀಡಲು ಅವರ ಬಳಿ ಇದ್ದದ್ದು ಯುದ್ಧಕವಚ. ಫಾತಿಮಾ(ರ)ರಿಗೆ ಅದೇ ಮಹ್ರ್ ಆಯಿತು. ಖೈಬರ್‌ನಿಂದ ಮರಳುವ ದಾರಿಯಲ್ಲಿ ಸಫಿಯ್ಯಾ(ರ)ರೊಂದಿಗಿನ ವಿವಾಹದ ವಲೀಮಾದಲ್ಲಿ ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ಚರ್ಮದ ಹಾಸಿನ ಮೇಲೆ ಖರ್ಜೂರ, ತುಪ್ಪ, ಒಣ ಗಿಣ್ಣು ಇತ್ತು. ಪ್ರಯಾಣದಲ್ಲಿದ್ದವರ ಮದುವೆ ಪ್ರಯಾಣದ ಮದುವೆಯಂತೆಯೇ ನಡೆಯಿತು.

ಇನ್ನೂ ಒಂದು ಘಟನೆ ಇದೆ. ಅನ್ಸಾರ್ ಮನೆತನದ ಒಬ್ಬ ವರನ ಮನೆಗೆ ವಧುವನ್ನು ಕಳುಹಿಸಿಕೊಟ್ಟು ಬಂದ ಆಯಿಶಾ(ರ)ರೊಡನೆ ಪ್ರವಾದಿ(ಸ), ಅಲ್ಲಿ ವಿನೋದವೇನೂ ಇರಲಿಲ್ಲವೇ, ಅನ್ಸಾರರಿಗೆ ಅದು ಇಷ್ಟವಲ್ಲವೇ ಎಂದು ವಿಚಾರಿಸಿದರು. ಮಕ್ಕಾದಿಂದ ಬಂದವರ ಅಭಿರುಚಿಯೇ ಬೇರೆ, ಮದೀನಾದವರ ಅಭಿರುಚಿಯೇ ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು ಮತ್ತು ಗೌರವಿಸುತ್ತಿದ್ದರು. ರುಬಯ್ಯಿಅ್ ಬಿಂತ್ ಮುಅವ್ವಿದ್(ರ)ರ ಮದುವೆಯಂದು ಹುಡುಗಿಯರು ದಫ್ ಬಾರಿಸುತ್ತ, ಬದ್ರ್‌ನಲ್ಲಿ ಹುತಾತ್ಮರಾದ ತಮ್ಮ ಹಿರಿಯರ ಗುಣಗಾನ ಮಾಡುತ್ತಿದ್ದರು. ಪ್ರವಾದಿ(ಸ) ಬಂದು ಕುಳಿತು ಕೇಳಿದರು. ಒಬ್ಬಳು, ನಾಳೆ ನಡೆಯುವುದನ್ನು ಬಲ್ಲ ಪ್ರವಾದಿ ನಮ್ಮಲ್ಲಿದ್ದಾರೆ ಎಂಬರ್ಥದ ಸಾಲನ್ನು ಹಾಡಿದಾಗ, ಅದನ್ನು ಬಿಟ್ಟು ಮೊದಲು ಹಾಡುತ್ತಿದ್ದುದನ್ನೇ ಹಾಡು ಎಂದರು. ಸತ್ಯಕ್ಕೆ ಹೊರತಾದುದನ್ನು ತಡೆದರು, ಸಂತೋಷವನ್ನು ತಡೆಯಲಿಲ್ಲ. ಒಪ್ಪಿಗೆ, ಮಹ್ರ್, ಸಾಕ್ಷಿ, ಬಹಿರಂಗ ಪ್ರಕಟಣೆ ಎಂಬ ಅಡಿಪಾಯವನ್ನು ಇಸ್ಲಾಮ್ ಎಲ್ಲರಿಗೂ ಸಮಾನವಾಗಿ ಹಾಕಿತು. ಅದರ ಮೇಲೆ ಮರ್ಯಾದೆಯ ಮಿತಿಯೊಳಗೆ ಪ್ರತಿಯೊಂದು ಕುಟುಂಬವೂ ತನ್ನ ಶಕ್ತಿಗೆ, ಅಭಿರುಚಿಗೆ ತಕ್ಕ ಮನೆ ಕಟ್ಟಿಕೊಳ್ಳಲು ಬಿಟ್ಟಿತು. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಅಡಿಪಾಯದ ದೃಶ್ಯಗಳನ್ನು ಕತ್ತರಿಸಿ ಎಸೆದು, ಎಲ್ಲರ ಮೇಲಂತಸ್ತನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದೆವು.

ಮನುಷ್ಯನ ವ್ಯಕ್ತಿತ್ವ ಅತ್ಯಂತ ಸ್ಪಷ್ಟವಾಗಿ ಪ್ರಕಟವಾಗುವುದು ಅವನು ಧರಿಸಿದ ಶೇರ್ವಾನಿಯಲ್ಲಲ್ಲ, ಅವನು ನೀಡುವ ಮಾತಿನಲ್ಲಿ. ನಿಕಾಹ್‌ನಲ್ಲಿ ಅಂಥ ಮಾತು ಎರಡು ಕಡೆ ಬರುತ್ತದೆ. ಮೊದಲನೆಯದು ವಧುವಿನ ಒಪ್ಪಿಗೆ. ತನ್ನ ಇಷ್ಟಕ್ಕೆ ವಿರುದ್ಧವಾಗಿ ತಂದೆ ಮದುವೆ ಮಾಡಿದನೆಂದು ಖನ್‌ಸಾ ಬಿಂತ್ ಖಿದಾಮ್(ರ) ದೂರು ತಂದಾಗ ಪ್ರವಾದಿ(ಸ) ಆ ಮದುವೆಯನ್ನೇ ರದ್ದುಗೊಳಿಸಿದರು. ಹೆಣ್ಣಿನ ‘ಒಪ್ಪಿದೆ’ ಎಂಬ ಮಾತಿಗೆ ಇರುವ ತೂಕ ಅಷ್ಟು. ಎರಡನೆಯದು ವರನ ‘ಕುಬೂಲ್’. ಇವೆರಡರ ನಡುವೆ ಖುತ್ಬಾ ಇದೆ. ಅದರಲ್ಲಿ ಪಠಿಸಲಾಗುವ ಆಲಿ ಇಮ್ರಾನ್, ಅನ್ನಿಸಾ, ಅಲ್ ಅಹ್‌ಝಾಬ್ ಅಧ್ಯಾಯಗಳ ಸೂಕ್ತಗಳು ಮೂರೂ ಕಡೆ ತಖ್ವಾವನ್ನು ಆದೇಶಿಸುತ್ತವೆ. ಒಂದೇ ಜೀವದಿಂದ ಹುಟ್ಟಿದವರು ನಾವು ಎಂದು ನೆನಪಿಸುತ್ತವೆ, ರಕ್ತಸಂಬಂಧವನ್ನು ಕಾಯಲು ಹೇಳುತ್ತವೆ, ನೇರವಾದ ಮಾತನ್ನೇ ಆಡಿರೆಂದು ಬೋಧಿಸುತ್ತವೆ. ಸಂಸಾರವೆಂಬ ದೀರ್ಘ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದಿದೆ? ಆದರೆ ನಮ್ಮ ಹೈಲೈಟ್ ವಿಡಿಯೋಗಳಲ್ಲಿ ಖುತ್ಬಾದ ಧ್ವನಿಯನ್ನು ಅಡಗಿಸಿ ಅದರ ಮೇಲೆ ಚಿತ್ರಗೀತೆಯನ್ನು ಕೂರಿಸಲಾಗುತ್ತದೆ. ಅಲ್ಲಾಹನ ವಚನ ಪಠಿಸುತ್ತಿರುವ ತುಟಿಗಳ ಮೇಲೆ ಪ್ರೇಮಗೀತೆ! ಇದನ್ನು ನೋಡಿಯೂ ನಮಗೆ ಮುಜುಗರವಾಗುವುದಿಲ್ಲವಾದರೆ, ನಾವು ಕಳೆದುಕೊಂಡದ್ದು ವಿಡಿಯೋದ ಗುಣಮಟ್ಟವನ್ನಷ್ಟೇ ಅಲ್ಲ.

ನಮ್ಮ ಈ ಐದು ತಾಲೂಕುಗಳ ಮದುವೆಗೆ ತನ್ನದೇ ಆದ ಚಹರೆ ಇದೆ. ವಧುವಿನ ಕಡೆಯವರು ಕುಡಚಿಯವರಾದರೆ ವರನ ಕಡೆಯವರು ಮಿರಜ್ ಅಥವಾ ಇಚಲಕರಂಜಿಯವರು. ಒಂದೇ ಪಂಕ್ತಿಯಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಕೇಳಿಸುತ್ತವೆ. ಅಡುಗೆಗೆ ಸಹಾಯ ಮಾಡುವವರಲ್ಲಿ, ನೆಂಟರನ್ನು ಬರಮಾಡಿಕೊಳ್ಳುವವರಲ್ಲಿ ನೆರೆಯ ಲಿಂಗಾಯತ, ಜೈನ, ಮರಾಠಾ ಮನೆಯವರು ಇರುತ್ತಾರೆ. ಅರಿಸಿನದ ದಿನ ನಾನಿಯರು ಢೋಲಕ್ ಬಾರಿಸಿ ಹಾಡುವ ದಖನಿ ಹಾಡುಗಳು ಯಾವ ಪುಸ್ತಕದಲ್ಲೂ ಅಚ್ಚಾಗದವು. ಅಥಣಿಯ ಪಕ್ಕದ ವಿಜಯಪುರದ ಸೂಫಿಗಳು ಬೀಸುವ ಕಲ್ಲಿನ ಮುಂದೆ ಹಾಡಿಕೊಳ್ಳಲೆಂದು ಚಕ್ಕಿನಾಮಾಗಳನ್ನೂ, ನೂಲುವಾಗ ಹಾಡಿಕೊಳ್ಳಲೆಂದು ಚರಖಾನಾಮಾಗಳನ್ನೂ ರಚಿಸಿದ್ದರು. ಹೆಂಗಸರ ದುಡಿಮೆಯ ನಡುವೆ ಅಲ್ಲಾಹನ ಸ್ಮರಣೆಯನ್ನು ಹೆಣೆದ ಭಾಷೆ ಅದು. ಆ ಭಾಷೆಯಲ್ಲಿ ಇಂದಿಗೂ ಹಾಡಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಬಾಡಿಗೆಗೆ ತಂದ ಹೊಗೆಯ ಯಂತ್ರದ ಮುಂದೆ ನಡೆದುಬರುವುದರಲ್ಲಿ ವ್ಯಕ್ತಿತ್ವವಿಲ್ಲ. ನಾನಿಯ ಹಾಡಿನಲ್ಲಿ ಇದೆ. ಅದರ ಧ್ವನಿಯನ್ನು ಮಾತ್ರ ಶುದ್ಧವಾಗಿ ದಾಖಲಿಸಿಕೊಂಡರೂ ಸಾಕು. ಚಿತ್ರ ಬೇಡವೆನ್ನುವ ಮನೆಗಳಿಗೂ ಅದು ಒಪ್ಪಿಗೆಯಾದೀತು.

ಇನ್ನು ಹೆಚ್ಚು ಕಾಳಜಿಯ ವಿಷಯಕ್ಕೆ ಬರುತ್ತೇನೆ. ಝೈನಬ್ ಬಿಂತ್ ಜಹ್ಶ್(ರ)ರೊಂದಿಗಿನ ವಿವಾಹದ ವಲೀಮಾದಲ್ಲಿ ಊಟ ಮುಗಿದ ಮೇಲೂ ಕೆಲವು ಅತಿಥಿಗಳು ಮಾತನಾಡುತ್ತ ಕುಳಿತುಬಿಟ್ಟರು. ಎದ್ದು ಹೋಗಿ ಎನ್ನಲು ಪ್ರವಾದಿ(ಸ)ಯವರಿಗೆ ಸಂಕೋಚ. ಹೊರಗೆ ಹೋಗಿ ಬಂದರು, ಮರಳಿ ಬಂದಾಗಲೂ ಅವರು ಕುಳಿತೇ ಇದ್ದರು. ಆ ಸಂದರ್ಭದಲ್ಲೇ ಪವಿತ್ರ ಕುರ್‌ಆನಿನ ಅಲ್ ಅಹ್‌ಝಾಬ್ ಅಧ್ಯಾಯದ 53ನೇ ಸೂಕ್ತ ಅವತೀರ್ಣವಾಯಿತು. ಕರೆದಾಗ ಬನ್ನಿರಿ, ಉಂಡ ಮೇಲೆ ಹೊರಡಿರಿ, ಮಾತಿಗಾಗಿ ಕುಳಿತು ಪ್ರವಾದಿಗೆ ತೊಂದರೆ ಕೊಡಬೇಡಿರಿ ಎಂದು ಅದು ಕಲಿಸಿತು. ಹೊಸದಾಗಿ ಮದುವೆಯಾದವರ ಮನೆಯ ಬಾಗಿಲಿಗೆ ಒಂದು ಪರದೆ ಬೇಕು, ಆ ಪರದೆಯನ್ನು ಅತಿಥಿ ತಾನಾಗಿ ಗುರುತಿಸಬೇಕು ಎಂಬುದು ಅದರಲ್ಲಿರುವ ಪಾಠ.

ನಮ್ಮ ಕಾಲದಲ್ಲಿ ಎದ್ದು ಹೋಗದ ಅತಿಥಿಯೆಂದರೆ ಕ್ಯಾಮೆರಾ. ಅದು ಮೆಹೆಂದಿಯ ಕೋಣೆಯಲ್ಲಿದೆ, ಹೆಂಗಸರ ಊಟದ ಕೋಣೆಯಲ್ಲಿದೆ, ವಧು ಅಲಂಕರಿಸಿಕೊಳ್ಳುವಲ್ಲಿ ಇದೆ. ಮದುವೆಗೆ ಮುನ್ನ ನದಿದಂಡೆಯಲ್ಲಿ, ಹಳೆಯ ವಾಡೆಯಲ್ಲಿ ನಡೆಯುವ ಚಿತ್ರೀಕರಣದಲ್ಲೂ ಅದು ಜೊತೆಗಿರುತ್ತದೆ. ನಿಕಾಹ್ ಆಗುವವರೆಗೆ ಅವರಿಬ್ಬರೂ ಪರಸ್ಪರ ಅನ್ಯರು ಎಂಬುದನ್ನು ಎರಡೂ ಕಡೆಯ ಹಿರಿಯರು ಮರೆತಿರುತ್ತಾರೆ. ಅತಿಥಿ ಒಂದು ದಿನ ಹೆಚ್ಚು ಉಳಿದರೆ ತೊಂದರೆ ಅಷ್ಟಕ್ಕೇ ಮುಗಿಯುತ್ತದೆ. ಈ ಅತಿಥಿ ಮದುವೆ ಮುಗಿದ ಮೇಲೂ ಅಂತರ್ಜಾಲದಲ್ಲಿ ಕುಳಿತೇ ಇರುತ್ತಾನೆ. ಮನೆಯೊಳಗೆ ಕಾಲಿಡಲು ನಾವು ಯಾರಿಗೆ ಅನುಮತಿ ಕೊಡುವುದಿಲ್ಲವೋ ಅವರ ಅಂಗೈಯಲ್ಲಿ ನಮ್ಮ ಮಗಳ ಮುಖ ಇರುತ್ತದೆ. ದಂಪತಿಗಳ ನಡುವಿನ ಗುಟ್ಟನ್ನು ಹೊರಗೆ ಹರಡುವವನು ಅಂತ್ಯದಿನದಂದು ಅಲ್ಲಾಹನ ಬಳಿ ಅತ್ಯಂತ ಕೆಟ್ಟ ಸ್ಥಾನದಲ್ಲಿರುವವರಲ್ಲಿ ಸೇರುತ್ತಾನೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಎಲ್ಲ ಚಿತ್ರಗಳೂ ಗುಟ್ಟಲ್ಲ, ನಿಜ. ಆದರೆ ಗುಟ್ಟು ಯಾವುದು, ಪ್ರಕಟಣೆ ಯಾವುದು ಎಂಬ ಗೆರೆಯನ್ನು ಎಳೆಯುವ ಕೆಲಸವನ್ನು ನಾವು ಎಡಿಟಿಂಗ್ ಮಾಡುವವನಿಗೆ ಬಿಟ್ಟುಕೊಟ್ಟಿದ್ದೇವೆ.

ನಿಕಾಹ್‌ಗೆ ಅವಳ ಒಪ್ಪಿಗೆ ಬೇಕೆನ್ನುವ ನಾವು ಅವಳ ಚಿತ್ರಕ್ಕೆ ಒಪ್ಪಿಗೆ ಕೇಳುವುದಿಲ್ಲ. ಸ್ಟೇಜಿನ ಮೇಲೆ ಕೈಹಿಡಿದು ತಿರುಗು ಎಂದು ಛಾಯಾಗ್ರಾಹಕ ಆದೇಶಿಸುತ್ತಾನೆ. ಬೇಡವೆಂದರೆ ಅತ್ತೆಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಹುಡುಗಿ ತಿರುಗುತ್ತಾಳೆ. ನಾಚಿಕೆ ಸ್ವಭಾವದ ಹುಡುಗಿಯಿಂದ ನಟಿಯಂತೆ ನಟಿಸಿಕೊಂಡು ಅದನ್ನು ಅವಳ ವ್ಯಕ್ತಿತ್ವವೆಂದು ಕರೆಯುವುದು ಸುಳ್ಳಲ್ಲವೇ? ಹಯಾ, ಅಂದರೆ ಲಜ್ಜೆ, ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಒಬ್ಬ ಹೆಣ್ಣುಮಗಳ ವ್ಯಕ್ತಿತ್ವದಲ್ಲಿ ಹಯಾ ದೊಡ್ಡ ಭಾಗವಾಗಿದ್ದರೆ, ಅವಳ ವ್ಯಕ್ತಿತ್ವವನ್ನು ನಿಜವಾಗಿ ತೋರಿಸುವ ವಿಡಿಯೋದಲ್ಲಿ ಅವಳ ಮುಖ ಇಲ್ಲದಿರಬಹುದು. ಮೆಹೆಂದಿ ಹಚ್ಚಿದ ಕೈ, ನಿಕಾಹ್‌ನಾಮಾದ ಮೇಲೆ ಅವಳು ಹಾಕಿದ ಸಹಿ, ಅಮ್ಮಿ ಅವಳ ತಲೆಯ ಮೇಲೆ ಇರಿಸಿದ ಕುರ್‌ಆನ್, ಇಷ್ಟೇ ಸಾಕಾಗಬಹುದು. ಹೆಚ್ಚು ಬೇಕೆನ್ನುವ ಹೆಣ್ಣುಮಕ್ಕಳಿಗೆ ಹೆಂಗಸರ ಕೋಣೆಯಲ್ಲಿ ಹೆಣ್ಣುಮಕ್ಕಳೇ ಚಿತ್ರೀಕರಿಸುವ, ಆ ಚಿತ್ರ ಅವಳ ಕೈಯಲ್ಲೇ ಉಳಿಯುವ ವ್ಯವಸ್ಥೆ ಇರಬೇಕು. ಲಜ್ಜೆ ಗಂಡಿಗೂ ಇದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ದೃಷ್ಟಿ ತಗ್ಗಿಸುವ ಆದೇಶ ಅನ್ನೂರ್ ಅಧ್ಯಾಯದಲ್ಲಿ ಮೊದಲು ಬಂದದ್ದು ಪುರುಷರಿಗೆ.

ಈ ವಿಷಯದಲ್ಲಿ ದೇಶದ ಕಾನೂನೂ ನಮ್ಮ ಕಡೆಗಿದೆ. ನಾವು ಓದಿಕೊಂಡಿಲ್ಲ, ಅಷ್ಟೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ಒಬ್ಬರು ತೆಗೆಸಿದ ಫೋಟೋ ಅಥವಾ ಚಲನಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ, ತೆಗೆದವರದಲ್ಲ. ಆದ್ದರಿಂದ ನಮ್ಮ ಮದುವೆಯ ದೃಶ್ಯಗಳನ್ನು ತಮ್ಮ ಪ್ರಚಾರಕ್ಕಾಗಿ ಹಾಕಿಕೊಳ್ಳುವುದು ಸ್ಟುಡಿಯೋದವರಿಗೆ ತಾನಾಗಿ ಬಂದ ಅಧಿಕಾರವಲ್ಲ. ಆದರೆ ಬುಕಿಂಗ್ ಸಮಯದಲ್ಲಿ ಓದದೆ ಸಹಿ ಹಾಕಿದ ಕಾಗದದಲ್ಲಿ ನಾವೇ ಅದನ್ನು ಬಿಟ್ಟುಕೊಟ್ಟಿರಬಹುದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮನೆಯ ಮರ್ಯಾದೆಯ ಪರದೆಯನ್ನು ನಮ್ಮ ಧರ್ಮ ಹದಿನಾಲ್ಕು ಶತಮಾನಗಳ ಹಿಂದೆ ತೂಗುಹಾಕಿತ್ತು. ದೇಶದ ನ್ಯಾಯಾಲಯವೂ ಮನುಷ್ಯನ ಘನತೆಗೆ ಅದು ಬೇಕೆಂದು ಹೇಳಿರುವಾಗ, ನಾವೇ ಅದನ್ನು ಕೈಯಾರೆ ಹರಿಯುವುದೇಕೆ?

ಹಣದ ಮಾತನ್ನೂ ಆಡಲೇಬೇಕು. ನಿಪ್ಪಾಣಿಯಲ್ಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ ಪಡೆಯುವ ತಾಯಂದಿರಿದ್ದಾರೆ. ಕಾಗವಾಡ, ಅಥಣಿಗಳಲ್ಲಿ ಕಬ್ಬಿನ ಬಿಲ್ಲು ಕಾರ್ಖಾನೆಯಿಂದ ಎಂದು ಬರುತ್ತದೋ ಎಂದು ಕಾಯುವ ರೈತರಿದ್ದಾರೆ. ಚಪ್ಪಲಿ ಹೊಲಿದು, ಗ್ಯಾರೇಜು ನಡೆಸಿ, ಹಣ್ಣು ಮಾರಿ ಮಗಳ ಮದುವೆಗೆ ಕೂಡಿಡುವವರಿದ್ದಾರೆ. ಅವರ ವರ್ಷಗಳ ಉಳಿತಾಯದ ಒಂದು ಪಾಲು ಹತ್ತು ನಿಮಿಷದ ವಿಡಿಯೋಗೆ ಹೋಗುತ್ತಿದೆ. ಎಷ್ಟೋ ಕಡೆ ವಿಡಿಯೋದ ಖರ್ಚನ್ನು ವಧುವಿನ ತಂದೆಯೇ ಹೊರಬೇಕೆಂದು ವರನ ಕಡೆಯವರು ನಯವಾಗಿ ಸೂಚಿಸುತ್ತಾರೆ. ಹೆಸರು ಬದಲಿಸಿಕೊಂಡು ಬಂದ ವರದಕ್ಷಿಣೆಯಲ್ಲದೆ ಇದು ಬೇರೇನೂ ಅಲ್ಲ. ಮಹ್ರ್‌ಅನ್ನು ಆಮೇಲೆ ಕೊಡುತ್ತೇನೆಂದು ಬಾಕಿ ಇರಿಸಿ, ಡ್ರೋನ್‌ಗೆ ಮುಂಗಡ ಕೊಡುವ ವರನನ್ನು ಏನೆನ್ನಬೇಕು? ಮಹ್ರ್ ಅಲ್ಲಾಹನು ವಿಧಿಸಿದ ಹಕ್ಕು, ಅದನ್ನು ಸಂತೋಷದಿಂದ ಕೊಡಿರೆಂದು ಕುರ್‌ಆನ್ ಆದೇಶಿಸಿದೆ (4:4). ಖರ್ಚಿನಲ್ಲಿ ದುಂದು ಮಾಡದ, ಜಿಪುಣತನವನ್ನೂ ತೋರದ, ನಡುವಿನ ದಾರಿಯಲ್ಲಿ ನಡೆಯುವವರನ್ನೇ ಅದು ಪರಮ ದಯಾಮಯನ ದಾಸರೆಂದು ಹೊಗಳಿದೆ (25:67). ಸಿರಿವಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟ ಕೆಟ್ಟ ಊಟವೆಂದು ಹದೀಸ್‌ನಲ್ಲಿದೆ. ಡ್ರೋನ್ ಮೇಲಿನಿಂದ ಚಿತ್ರಿಸಿದ ಆ ದೊಡ್ಡ ಪಂಕ್ತಿಯಲ್ಲಿ ಓಣಿಯ ಬಡವರು ಕಾಣುತ್ತಾರೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಚಿತ್ರೀಕರಿಸುವವರನ್ನು ದೂಷಿಸಲು ನಾನು ಇದನ್ನು ಬರೆಯುತ್ತಿಲ್ಲ. ಅವರಲ್ಲಿ ಬಹಳ ಮಂದಿ ನಮ್ಮ ಓಣಿಗಳ ಹುಡುಗರೇ. ಸಾಲ ಮಾಡಿ ಕ್ಯಾಮೆರಾ ಕೊಂಡು, ಮದುವೆ ಋತುವಿನಲ್ಲಿ ಹಗಲಿರುಳು ನಿಂತು ದುಡಿದು, ಉಳಿದ ತಿಂಗಳುಗಳನ್ನು ಹೇಗೋ ಕಳೆಯುವವರು. ಗ್ರಾಹಕ ಕೇಳಿದ್ದನ್ನು ಅವರು ಕೊಡುತ್ತಾರೆ. ನಾವು ಸಿನಿಮಾ ಕೇಳಿದೆವು, ಅವರು ಸಿನಿಮಾ ಕೊಟ್ಟರು. ನಿಕಾಹ್ ಕೇಳಿದರೆ ನಿಕಾಹ್ ಕೊಡುತ್ತಾರೆ. ಅವರಿಗೂ ಒಂದು ಮಾತು ಹೇಳಬೇಕಿದೆ. ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಇರುವುದು ಒಂದು ಮನೆಯ ಅಮಾನತ್. ಅದನ್ನು ಕೇಳದೆ ಹಂಚುವುದೂ, ಹೇಳದೆ ಅಳಿಸುವುದೂ ಅಮಾನತಿನಲ್ಲಿ ಮಾಡಿದ ಲೋಪವೇ. ಕ್ಯಾಮೆರಾ ಕಲಿಯಲು ಆಸಕ್ತಿಯಿರುವ ನಮ್ಮ ಹೆಣ್ಣುಮಕ್ಕಳಿಗೆ ಈ ವೃತ್ತಿಯ ಬಾಗಿಲು ತೆರೆಯಲಿ. ಹೆಂಗಸರ ಕೋಣೆಯಲ್ಲಿ ಚಿತ್ರಿಸಲು ಹೆಣ್ಣುಮಗಳೇ ಬೇಕೆಂದು ಕೇಳುವ ಮನೆಗಳು ಇದ್ದೇ ಇವೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಮುಂಗಡ ಕೊಡುವ ಮೊದಲು ಹುಡುಗ ಮತ್ತು ಹುಡುಗಿಯನ್ನು ಅವರವರ ಮನೆಯಲ್ಲಿ, ಬೇರೆಬೇರೆಯಾಗಿ, ಒತ್ತಾಯವಿಲ್ಲದೆ ಕೇಳಿರಿ. ನಿನಗೆ ಚಿತ್ರ ಬೇಕೇ? ಯಾವುದು ಬೇಕು, ಯಾವುದು ಬೇಡ? ಯಾರು ನೋಡಬಹುದು? ಹುಡುಗಿ ‘ಬೇಡ’ ಎಂದ ಕಡೆ ಮಾತು ಮುಗಿಯಿತು. ಅನಂತರ ಒಂದು ಹಾಳೆಯ ಮೇಲೆ ನಾಲ್ಕು ವಿಷಯ ಬರೆದು ಚಿತ್ರೀಕರಿಸುವವರಿಂದಲೂ ಸಹಿ ಹಾಕಿಸಿರಿ. ತಂದೆ ಒಪ್ಪಿಗೆ ಕೇಳುವುದು, ಖುತ್ಬಾ, ಇಜಾಬ್-ಕುಬೂಲ್, ದುಆ ಇವು ಪೂರ್ತಿಯಾಗಿ, ಮೂಲಧ್ವನಿಯೊಂದಿಗೆ ಇರಬೇಕು. ಅದಕ್ಕಾಗಿ ತಂದೆಗೂ ಕಾಜಿಯವರಿಗೂ ಕಾಲರ್ ಮೈಕ್ ಹಾಕಬೇಕು. ಹೆಂಗಸರ ಕಡೆಗೆ ಗಂಡಸರ ಕ್ಯಾಮೆರಾ ಹೋಗಕೂಡದು. ಲಿಖಿತ ಅನುಮತಿಯಿಲ್ಲದೆ ಒಂದು ದೃಶ್ಯವನ್ನೂ ಎಲ್ಲಿಯೂ ಹಾಕಕೂಡದು. ಕೊನೆಯದಾಗಿ, ಎಡಿಟ್ ಮಾಡದ ಮೂಲ ದೃಶ್ಯಗಳನ್ನು ಮನೆಯವರಿಗೆ ಒಪ್ಪಿಸುವವರೆಗೆ ಅಳಿಸಕೂಡದು.

ಒಪ್ಪಿಸಿಕೊಂಡ ಮೇಲೆ ಕಾಯುವುದು ನಮ್ಮ ಹೊಣೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ನಮ್ಮ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತದ್ದನ್ನು ಯಾರೂ ಮರೆತಿಲ್ಲ. ನೀರು ಇಳಿದ ಮೇಲೆ ಮರಳಿದವರು ಅಂಗಳದಲ್ಲಿ ಒಣಹಾಕಿದ್ದು ಧಾನ್ಯವನ್ನಷ್ಟೇ ಅಲ್ಲ. ರೇಷನ್ ಕಾರ್ಡಿನ ಪಕ್ಕದಲ್ಲೇ ನಿಕಾಹ್‌ನಾಮಾ, ಒಂದಕ್ಕೊಂದು ಅಂಟಿಕೊಂಡ ಹಳೆಯ ಫೋಟೋಗಳು ಬಿಸಿಲಿಗೆ ಬಿದ್ದಿದ್ದವು. ಮೂರು ಪ್ರತಿ ಮಾಡಿಟ್ಟು, ಒಂದನ್ನು ಬೇರೆ ಊರಿನ ಬಂಧುವಿನ ಮನೆಯಲ್ಲಿ ಇರಿಸುವುದು ಅತಿಯಾದ ಎಚ್ಚರಿಕೆಯೆಂದು ಆ ಮಳೆಗಾಲವನ್ನು ಕಂಡವರು ಹೇಳಲಾರರು.

ಇಷ್ಟು ನಿರ್ಬಂಧಗಳ ನಡುವೆ ಸಂತೋಷ ಎಲ್ಲಿ ಉಳಿಯಿತು ಎಂದು ಯುವಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ದಫ್‌ನ ಸದ್ದಿಗೆ ಪ್ರವಾದಿ(ಸ) ಕಿವಿ ಮುಚ್ಚಿಕೊಳ್ಳಲಿಲ್ಲ ಎಂಬುದನ್ನು ಮೇಲೆ ಬರೆದಿದ್ದೇನೆ. ಗೆಳೆಯರು ವರನನ್ನು ರೇಗಿಸುವುದು, ಮಕ್ಕಳು ಛುಹಾರೆಗಾಗಿ ಕಿತ್ತಾಡುವುದು, ಚಪ್ಪಲಿ ಬಚ್ಚಿಟ್ಟ ಸಾಲಿಯರೊಡನೆ ಚೌಕಾಸಿ ಮಾಡಲು ವರನ ಪುಟ್ಟ ತಮ್ಮ ಹೊರಡುವುದು, ಮಾಮು ಬಡಿಸುವಾಗ ಒತ್ತಾಯ ಮಾಡುವುದು, ಕಳುಹಿಸಿಕೊಡುವಾಗ ಎಂದೂ ಅಳದ ಅಣ್ಣ ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಳ್ಳುವುದು, ಇವೆಲ್ಲ ಚಿತ್ರಕ್ಕೆ ಸಿಗುವಂಥವೇ. ಇವನ್ನು ಯಾರೂ ನಟಿಸಬೇಕಾಗಿಲ್ಲ. ಇವು ಒಂದು ಮನೆಯಂತೆ ಇನ್ನೊಂದು ಮನೆಯಲ್ಲಿ ಇರುವುದೂ ಇಲ್ಲ. ಜೋಡಿಯ ವ್ಯಕ್ತಿತ್ವ ಎಂದು ನಾವು ಹುಡುಕುತ್ತಿರುವುದು ಇಲ್ಲಿಯೇ ಇದೆ. ನಾವು ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿದ್ದೇವೆ.

ಆರಂಭದಲ್ಲಿ ಹೇಳಿದ ಮನೆಯಲ್ಲಿ ಕಳೆದ ವರ್ಷ ಕಿರಿಯ ಮಗಳ ನಿಕಾಹ್ ಆಯಿತು. ತಂದೆಯ ಸ್ಥಾನದಲ್ಲಿ ನಿಂತು ಒಪ್ಪಿಗೆ ಕೇಳಿದವನು ಅಣ್ಣ. ಡ್ರೋನ್ ಇರಲಿಲ್ಲ, ಹಾಡೂ ಇರಲಿಲ್ಲ. ಒಳಕೋಣೆಯಲ್ಲಿ ಮೊಬೈಲ್ ಹಿಡಿದವಳು ಅದೇ ಹಿರಿಯ ಮಗಳು. ಆ ಇಪ್ಪತ್ತು ನಿಮಿಷದ ಚಿತ್ರವನ್ನು ನೋಡಿದವರು ಮನೆಯವರು ಮಾತ್ರ. ಅದರಲ್ಲಿ ವಧುವಿನ ಮುಖ ಕಾಣುವುದಿಲ್ಲ. ಅಣ್ಣ ಅಬ್ಬಾನಂತೆಯೇ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಗಂಟಲು ಸರಿಪಡಿಸಿಕೊಳ್ಳುವುದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಅದನ್ನು ಕೇಳಿದಾಗ ಅಮ್ಮಿ, ಇವನ ಧ್ವನಿ ಇಷ್ಟು ಅವರಂತಿದೆ ಎಂದು ನನಗೆ ಇಷ್ಟು ದಿನ ತಿಳಿದಿರಲೇ ಇಲ್ಲ ಎಂದರು.

ಪತಿಪತ್ನಿಯರ ನಡುವೆ ಪ್ರೀತಿಯನ್ನೂ ಕರುಣೆಯನ್ನೂ ಇರಿಸಿದವನು ಅಲ್ಲಾಹನು. ಅವನ ದೃಷ್ಟಾಂತಗಳಲ್ಲಿ ಅದೂ ಒಂದು. ನಮ್ಮ ಮಕ್ಕಳ ಮನೆಗಳನ್ನು ಅವನು ಆ ಪ್ರೀತಿಯಿಂದ ತುಂಬಲಿ, ಅವರ ಮಾನವನ್ನು ಕಾಯಲಿ, ಅಗಲಿದ ಹಿರಿಯರ ಸಮಾಧಿಗಳನ್ನು ಬೆಳಗಲಿ. ಆಮೀನ್.